ಸೆರಗಿನ ದಾರ ಕೀಳುವ ಕೈಗೆ ಏನು ಕೊಡೋಣ?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರ ಆರೈಕೆ

ಪ್ರಶ್ನೆ: ಅವ್ವನಿಗೆ 74 ವರ್ಷ. ಅಲ್ಝೈಮರ್ ಎಂದು ಗೊತ್ತಾಗಿ ನಾಲ್ಕು ವರ್ಷವಾಯಿತು. ದಿನವಿಡೀ ಸೆರಗಿನ ದಾರ ಕೀಳುತ್ತಾರೆ, ಹೊದಿಕೆಯ ಅಂಚು ಹರಿಯುತ್ತಾರೆ. ಕೈ ಬಿಡಿಸಲು ಹೋದರೆ ಸಿಟ್ಟಿಗೇಳುತ್ತಾರೆ. ಏನು ಮಾಡಲಿ? (ಧಾರವಾಡ)

ಉತ್ತರ: ಕೈ ಬಿಡಿಸಬೇಡಿ, ಕೀಳಲಿಕ್ಕೆ ಬೇರೆ ಏನಾದರೂ ಕೊಡಿ. ಅದಕ್ಕೂ ಮೊದಲು ಒಂದನ್ನು ಗಮನಿಸಿ. ಈ ಚಾಳಿ ಒಂದೆರಡು ದಿನದಲ್ಲಿ ದಿಢೀರನೆ ಶುರುವಾಗಿದ್ದು, ಜೊತೆಗೆ ಮಂಪರು, ಜ್ವರ, ಉರಿಮೂತ್ರ ಅಥವಾ ಮಲಬದ್ಧತೆ ಇದ್ದರೆ ಅದು ಸನ್ನಿ (ಡೆಲಿರಿಯಂ, ಅಂದರೆ ಬುದ್ಧಿ ಇದ್ದಕ್ಕಿದ್ದಂತೆ ಗೊಂದಲಕ್ಕೊಳಗಾಗುವುದು) ಇರಬಹುದು. ಅವತ್ತೇ ವೈದ್ಯರಿಗೆ ತೋರಿಸಿ.

ತಿಂಗಳುಗಳಿಂದ ಇರುವ ಚಾಳಿಯಾದರೆ, ತೊಡೆಯ ಮೇಲೆ ಹಾಸುವಂಥ ಪುಟ್ಟ ಕೌದಿಯೊಂದನ್ನು ಹೊಲಿಯಿರಿ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇದೇ ಕೆಲಸಕ್ಕೆ ಉಣ್ಣೆಯಲ್ಲಿ ಹೆಣೆದ, ಗುಂಡಿ ರಿಬ್ಬನ್ ಹೊಲಿದ, ಎರಡೂ ಕೈ ತೂರಿಸಿಕೊಳ್ಳುವ ತೋಳುಚೀಲ ಕೊಡುತ್ತಾರೆ. ನಮ್ಮ ಸೆಕೆಗೆ ಅದು ಸರಿಹೋಗದು, ಕೌದಿಯೇ ವಾಸಿ. ಅವ್ವನಿಗೂ ಅದು ಗೊತ್ತಿರುವ ವಸ್ತು.

ಅಳತೆ 18 ಇಂಚು ಉದ್ದ, 14 ಇಂಚು ಅಗಲ. ಆರು ತುಂಡು ಬಟ್ಟೆ ಬೇಕು. ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಡಬೇಕಾದ್ದರಿಂದ ಒಂದೊಂದನ್ನೂ 7 x 8 ಇಂಚಿಗೆ ಕತ್ತರಿಸಿ. ಮುಟ್ಟಿದರೆ ಬೇರೆ ಬೇರೆ ಅನ್ನಿಸಬೇಕು: ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣ, ಟರ್ಕಿ ಟವೆಲ್, ಮಖಮಲ್, ದಪ್ಪ ಖಾದಿ, ಗೆರೆಗೆರೆಯ ಕಾರ್ಡುರಾಯ್. ತಳಕ್ಕೆ ಹಳೆ ಹತ್ತಿ ಸೀರೆಯನ್ನು ಎರಡು ಪದರ ಹಾಕಿ ಅಂಚನ್ನು ಎರಡು ಸಲ ಮಡಿಸಿ ಹೊಲಿಯಿರಿ. ಒಂದು ತುಂಡಿನ ಮೇಲೆ ಜೇಬು, ಅದರೊಳಗೆ ಒಂದು ಕರ್ಚೀಫು. ಇನ್ನೊಂದರ ಮೇಲೆ 6 ಇಂಚಿನ ಪ್ಲಾಸ್ಟಿಕ್ ಜಿಪ್ಪು, ಎಳೆಯಲು ಸುಲಭವಾಗುವಂತೆ ಅದರ ತುದಿಗೆ ಬಟ್ಟೆಯ ಕುಣಿಕೆ. ಮತ್ತೊಂದರ ಮೇಲೆ ಕೋಟಿನ ಗುಂಡಿ ಮೂರು, ಒಂದಿಂಚಿಗಿಂತ ಚಿಕ್ಕದು ಬೇಡ. ಲಾಡಿ ಹೊಲಿದರೆ 6 ಇಂಚು ದಾಟದಿರಲಿ, ಉದ್ದವಾದರೆ ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟುತ್ತದೆ.

ಕೆಡುವುದು ಎರಡು ಕಡೆ. ಜರಿ ಅಂಚಿನ ಹಿಂಬದಿ ಎಳೆಗಳು ಸಡಿಲವಾಗಿರುತ್ತವೆ, ಉಗುರು ಸಿಕ್ಕಿ ಕೀಳುತ್ತದೆ. ಹಾಗಾಗಿ ಆ ಬದಿ ಪೂರ್ತಿ ಒಳಗೆ ಮುಚ್ಚಿರಬೇಕು. ಗುಂಡಿಯನ್ನು ಸಾಮಾನ್ಯ ದಾರದಲ್ಲಿ ಹೊಲಿದರೆ ವಾರದಲ್ಲಿ ಕಿತ್ತು ಬಾಯಿಗೆ ಹೋಗುತ್ತದೆ. ನೈಲಾನ್ ದಾರವನ್ನು ಜೋಡಿ ಎಳೆ ಮಾಡಿ ನಾಲ್ಕು ತೂತಿಗೂ ನಾಲ್ಕು ನಾಲ್ಕು ಸಲ ಹಾಯಿಸಿ, ಆಮೇಲೆ ನಿಮ್ಮ ಕೈಯಾರೆ ಜೋರಾಗಿ ಎಳೆದು ನೋಡಿ. ಪ್ರತಿ ಸಲ ಒಗೆದಾಗಲೂ ಇದೇ ಪರೀಕ್ಷೆ. ಚಮಕಿ, ಕನ್ನಡಿ, ಪಿನ್ನು ಯಾವುದೂ ಬೇಡ. ಕೌದಿಯನ್ನು ಸೊಂಟಕ್ಕೋ ಕುರ್ಚಿಗೋ ಕಟ್ಟಬೇಡಿ. ಏಳಲಾಗದಂತೆ ಕೂಡಿಹಾಕಿದ ಹಾಗಾಗುತ್ತದೆ.

ಪ್ರಶ್ನೆ: ಅಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು, ಈಗ 79. ಆನ್‌ಲೈನ್‌ನಲ್ಲಿ ಬಣ್ಣಬಣ್ಣದ ಮಣಿಯ ಆಟಿಕೆ ತರಿಸಿಕೊಟ್ಟೆ, "ನಾನೇನು ಮಗುವಾ?" ಎಂದು ಎಸೆದರು. (ಶಿವಮೊಗ್ಗ)

ಉತ್ತರ: ಎಸೆದದ್ದು ಸರಿಯಾಗಿಯೇ ಇದೆ. ಹೆಸರು, ತಾರೀಖು ಮರೆತರೂ ವರ್ಷಾನುಗಟ್ಟಲೆ ಮಾಡಿದ ಕೆಲಸ ಕೈಯಲ್ಲಿ ಬಹುಕಾಲ ಉಳಿದಿರುತ್ತದೆ. ಅಂಥವರಿಗೆ ಆಟಿಕೆಗಿಂತ ಕೆಲಸದ ಸಾಮಾನು ಕೊಡುವುದು ಮೇಲು.

ಸ್ವಲ್ಪ ಗಟ್ಟಿಯಾದ ಬಿಳಿ ಕಾಗದವನ್ನು ನೋಟಿನ ಅಳತೆಗೆ ಕತ್ತರಿಸಿ ಇನ್ನೂರು ಹಾಳೆ ಮಾಡಿ. ಮೇಜಿನ ಮೇಲೆ ಕಡುಬಣ್ಣದ ಬಟ್ಟೆ ಹಾಸಿದರೆ ಹಾಳೆ ಎದ್ದು ಕಾಣುತ್ತವೆ. ಪಕ್ಕದಲ್ಲಿ ಒದ್ದೆ ಸ್ಪಾಂಜಿನ ಡಬ್ಬಿ ಇಡಿ. ಬೆರಳು ತಾನಾಗಿ ಸ್ಪಾಂಜಿಗೆ ಹೋಗಿ ಬರುವುದನ್ನು ನೀವೇ ನೋಡುತ್ತೀರಿ. ಕಟ್ಟು ಕಟ್ಟಲು ಎರಡು ಬೆರಳಗಲದ ಕಾಗದದ ಪಟ್ಟಿ ಸಾಕು. ರಬ್ಬರ್ ಬ್ಯಾಂಡ್ ಕೊಟ್ಟರೆ ಬಾಯಿಗೋ ಬೆರಳಿನ ಸುತ್ತಕ್ಕೋ ಹೋಗುತ್ತದೆ. ನಿಜವಾದ ನೋಟನ್ನಂತೂ ಕೊಡಬೇಡಿ. ಬಚ್ಚಿಟ್ಟು ಮರೆಯುತ್ತಾರೆ, ಆಮೇಲೆ ಕಳ್ಳತನದ ಮಾತು ಬರುತ್ತದೆ. ಎಣಿಕೆ ತಪ್ಪಿದರೆ ತಿದ್ದಲು ಹೋಗಬೇಡಿ. "ಲೆಕ್ಕ ತಾಳೆ ಆಗ್ತಿಲ್ಲ" ಎಂದು ಅವರೇ ಕಳವಳಪಟ್ಟರೆ ಕಟ್ಟು ತೆಗೆದಿಟ್ಟು, ಮಡಿಸಲು ಟವೆಲ್ ಕೊಡಿ. ಅದರಲ್ಲಿ ತಾಳೆಯಾಗಬೇಕಾದ್ದೇನೂ ಇಲ್ಲ.

ಪ್ರಶ್ನೆ: ಅತ್ತೆಗೆ ಅವರೆಕಾಳು ಹಿಸುಕಲು ಕೊಡುತ್ತೇನೆ. ಕಾಳನ್ನೂ ಸಿಪ್ಪೆಯನ್ನೂ ಮತ್ತೆ ಬೆರೆಸಿಬಿಡುತ್ತಾರೆ. ಮೊನ್ನೆ ಎರಡು ಹಸಿ ಕಾಳು ಬಾಯಿಗೆ ಹಾಕಿಕೊಂಡರು. ನಿಲ್ಲಿಸಲೇ? (ಮಂಡ್ಯ)

ಉತ್ತರ: ಬೆರೆಸಿದರೆ ಬೆರೆಸಲಿ, ಅಡುಗೆಗೆ ಬೇಕಾದ ಕಾಳನ್ನು ನೀವು ಬೇರೆ ಹಿಸುಕಿಕೊಳ್ಳಿ. ಬಾಯಿಗೆ ಹಾಕಿಕೊಳ್ಳುತ್ತಾರೆ ಅಂದಮೇಲೆ ಮಾತ್ರ ಕಾಳು ಬೇಡ. ಅವರೆ, ಕಡಲೆಕಾಯಿ, ಹುಣಸೆಬೀಜ, ಕವಡೆ ಎಲ್ಲವೂ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ನೀರಿನಲ್ಲಿ ಊದುವ ಜೆಲ್ ಮಣಿ ಇನ್ನೂ ಅಪಾಯ, ಹೊಟ್ಟೆಯೊಳಗೂ ಊದುತ್ತದೆ. ಮಕ್ಕಳ ಕರಕುಶಲಕ್ಕೆ ಮಾಡುವ ಉಪ್ಪಿನ ಹಿಟ್ಟೂ ಬೇಡ. ಅದರಲ್ಲಿ ಉಪ್ಪು ಎಷ್ಟಿರುತ್ತದೆಂದರೆ, ನುಂಗಿದರೆ ರಕ್ತದಲ್ಲಿ ಸೋಡಿಯಂ ಏರಬಹುದು.

ಬದಲಿಗೆ ಬಾಳೆ ಎಲೆ ಒರೆಸಲು ಕೊಡಿ. ನಾಲ್ಕು ಎಲೆ, ಹಿಂಡಿದ ಒದ್ದೆ ಬಟ್ಟೆ, ಅಷ್ಟೆ. ತಣ್ಣಗಿನ ಎಲೆ, ನಡುವಿನ ದಿಂಡಿನ ಉಬ್ಬು, ಒರೆಸಿದಾಗಿನ ಸದ್ದು ಎಲ್ಲವೂ ಕೈಗೆ ಗೊತ್ತಿರುವುದೇ. ಚಪಾತಿ ಹಿಟ್ಟು ನಾದುವುದೂ ಆಗುತ್ತದೆ. ಒಂದು ಲೋಟ ಗೋಧಿ ಹಿಟ್ಟಿಗೆ ಅರ್ಧ ಲೋಟಕ್ಕೆ ತುಸು ಕಡಿಮೆ ನೀರು, ಒಂದು ಚಮಚ ಎಣ್ಣೆ ಹಾಕಿ ನೀವೇ ಕಲಸಿ ಉಂಡೆ ಮಾಡಿ ಕೊಡಿ. ಒಣ ಹಿಟ್ಟನ್ನು ಮುಂದಿಟ್ಟರೆ ಎಲ್ಲಿಂದ ಶುರುಮಾಡುವುದೆಂದು ತೋಚದೆ ಸುಮ್ಮನೆ ಕೂರುತ್ತಾರೆ. ನುಂಗಲು ತೊಂದರೆ ಇದ್ದವರಿಗೆ ಹಿಟ್ಟೂ ಬೇಡ, ಬಟ್ಟೆ ಮಡಿಸುವುದೇ ಸಾಕು.

ತಿಂಡಿಯಾದ ಮೇಲೆ ಹತ್ತು ಹನ್ನೊಂದರ ಹೊತ್ತು ಒಳ್ಳೆಯದು, ಹದಿನೈದು ಇಪ್ಪತ್ತು ನಿಮಿಷ ಮಾತ್ರ. "ಹೀಗೆ ಮಾಡಿ ಅತ್ತೆ" ಎಂದು ವಿವರಿಸುತ್ತಾ ಹೋಗಬೇಡಿ. ಪಕ್ಕದಲ್ಲಿ ಕೂತು ಮೊದಲ ಎಲೆಯನ್ನು ನೀವು ಒರೆಸಿ, ಎರಡನೆಯದನ್ನು ಅವರ ಕೈಗಿಡಿ. ಎದುರು ಕೂತು ತೋರಿಸಿದರೆ ಎಡಬಲ ತಿರುವುಮುರುವಾಗಿ ಗೊಂದಲವಾಗುತ್ತದೆ.

ಪ್ರಶ್ನೆ: ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಮುಷ್ಟಿ ಬಿಗಿಹಿಡಿದೇ ಇರುತ್ತಾರೆ, ಬೆರಳು ಬಿಡಿಸಿದಷ್ಟೂ ಗಟ್ಟಿ ಹಿಡಿಯುತ್ತಾರೆ. (ಮೈಸೂರು)

ಉತ್ತರ: ಅದು ಹಟವಲ್ಲ. ಕಾಯಿಲೆ ಮುಂದುವರಿದಾಗ ಅಂಗೈ ಮುಟ್ಟಿದರೆ ಮುಷ್ಟಿ ತಾನಾಗಿ ಬಿಗಿಯಾಗುತ್ತದೆ. ಆದ್ದರಿಂದ ಅಂಗೈ ಬಿಟ್ಟು ಕೈಯ ಮೇಲ್ಭಾಗವನ್ನು ನಿಧಾನವಾಗಿ ನೇವರಿಸಿ. ಬೆರಳನ್ನು ಎಳೆಯದೆ ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಾಗಿಸಿ, ಬೆರಳುಗಳು ಸಡಿಲವಾಗುತ್ತವೆ. ಆಗ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ನಾಲ್ಕು ಹನಿ ಹಾಕಿ ಐದು ನಿಮಿಷ ಸವರಿ. ನೋವಿನಿಂದ ಮುಖ ಕಿವುಚಿದರೆ ನಿಲ್ಲಿಸಿ. ಬೆರಳ ಸಂದಿ ಒರೆಸಿ ಒಣಗಿಸಿದ ಮೇಲೆ ಮೆತ್ತನೆ ಹತ್ತಿ ಬಟ್ಟೆಯ ಸುರುಳಿಯೊಂದನ್ನು ಮುಷ್ಟಿಯೊಳಗಿಡಿ. ದಿನಕ್ಕೆರಡು ಸಲ ಬದಲಿಸಿ, ಉಗುರು ಚಿಕ್ಕದಾಗಿರಲಿ. ಅಂಗೈ ಕೆಂಪಾಗಿದ್ದರೆ, ವಾಸನೆ ಬಂದರೆ ಡಾಕ್ಟರಿಗೆ ತೋರಿಸಿ.