ಸರ್ವರ್ ರೂಮ್ ಹ್ಯಾಂಡೋವರ್‌ಗೆ ಮೊದಲು ಕ್ಲೀನಿಂಗ್ ಏಜೆನ್ಸಿ ಬೇಕಾ, ಆಫೀಸಿನ ಹೌಸ್‌ಕೀಪಿಂಗ್ ಸಾಕಾ?

ಯಾರು ಗುಡಿಸಬೇಕು ಅನ್ನುವುದು ಆಮೇಲಿನ ಮಾತು. ರೂಮಿನ ಕೀ ಈಗ ಯಾರ ಹತ್ತಿರ ಇದೆ, ಅದನ್ನು ಹೇಳಿ. ಅಂಧೇರಿಯ ಮರೋಳ್‌ನಲ್ಲಿ ಸೈಟ್ ನೋಡಿಕೊಳ್ಳುತ್ತಿದ್ದಾಗ ನನಗೂ ನಿಮ್ಮ ಹಾಗೇ ಬರೀ ಧೂಳಿನ ಚಿಂತೆ.

ಒಳ್ಳೆ ಏಜೆನ್ಸಿಯನ್ನೇ ಕರೆಸಿದ್ದೆ. ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ತಂದು, ನೆಲದ ಟೈಲ್ ಎತ್ತಿ (ಸರ್ವರ್ ರೂಮಿನಲ್ಲಿ ಅದರ ಕೆಳಗೆ ಟೊಳ್ಳು ಜಾಗ ಇರುತ್ತದೆ), ಕೆಳಗಿನ ಧೂಳನ್ನೆಲ್ಲ ಎಳೆದರು. ಡೋರ್ ಫ್ಯಾನ್ ಟೆಸ್ಟೂ ಪಾಸಾಯಿತು. ಬಾಗಿಲಿಗೆ ಫ್ಯಾನ್ ಕಟ್ಟಿ ರೂಮ್ ಎಷ್ಟು ಸೋರುತ್ತದೆ ಅಂತ ಅಳೆಯುತ್ತಾರಲ್ಲ, ಅದು. ಬೆಂಕಿ ಆರಿಸುವ ಗ್ಯಾಸ್ ಸಾಮಾನ್ಯವಾಗಿ 10 ನಿಮಿಷವಾದರೂ ಒಳಗೆ ನಿಲ್ಲಬೇಕು. ಖುಷಿಯಲ್ಲಿ ಫೋಟೋ ತೆಗೆದು ಕ್ಲೈಂಟ್‌ಗೆ ಕಳಿಸಿದೆ.

ಶನಿವಾರ ಸಂಜೆ ಫೈಬರ್ ಎಳೆಯುವ ಹುಡುಗರು ಬಂದರು. ಒಬ್ಬ ಇಂಡಿ ಕಡೆಯವ. "ಅಣ್ಣಾ, ಸಣ್ಣ ಕೆಲಸ ಐತ್ರಿ, ಅರ್ಧ ತಾಸಿನ್ಯಾಗ ಮುಗಸ್ತೀವಿ" ಅಂದ. ಮುಂಬೈಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಕೀ ಕೊಡದೆ ಇರೋಕೆ ಆಗುತ್ತಾ? ಕೊಟ್ಟೆ. ಘಾಟ್ಕೋಪರ್‌ನಿಂದ ಡೊಂಬಿವಲಿ ಲೋಕಲ್ ಹಿಡಿದೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಎಡವಿದ್ದು ಅದಕ್ಕೂ ಮೊದಲು. ಎರಡನೇ ಫೈಬರ್ ಲೈನ್ ಬರುತ್ತದೆ ಅಂತ ಡ್ರಾಯಿಂಗ್‌ನಲ್ಲೇ ಇತ್ತು. ಅದು ಕ್ಲೈಂಟ್‌ನ ಐಟಿಯವರ ಕೆಲಸ, ನಮ್ಮ ಬಿಲ್‌ನಲ್ಲಿಲ್ಲ ಅಂತ ನನ್ನ ಶೆಡ್ಯೂಲ್‌ನಲ್ಲಿ ಬರೆಯಲೇ ಇಲ್ಲ. ನಮ್ಮ ಜನರ ಕೆಲಸ ಮುಗಿದರೆ ರೂಮೇ ಮುಗಿಯಿತು ಅಂದುಕೊಂಡೆ. ಲೈನ್ ಬರಲು ಗೋಡೆಯಲ್ಲಿ ಪೈಪ್ ಬಿಟ್ಟಿರಲಿಲ್ಲ. ಪೈಪ್ ಇಲ್ಲದಿದ್ದರೆ ಅವರು ಕೊರೆಯದೆ ಇನ್ನೇನು ಮಾಡಬೇಕು?

ಗೋಡೆ ಕೊರೆದದ್ದು ನೆಲದ ಟೈಲ್‌ಗಳ ಕೆಳಗೆ. ಪಿಎಸಿ, ಅಂದರೆ ಸರ್ವರ್ ರೂಮಿನ ಎಸಿ, ಓಡುತ್ತಿತ್ತು. ಅದು ಗಾಳಿಯನ್ನು ಮೇಲಿಂದ ಎಳೆದು, ಫಿಲ್ಟರ್ ಮಾಡಿ, ತಣಿಸಿ, ನೆಲದ ಕೆಳಗೆ ದೂಡುತ್ತದೆ. ಆ ಗಾಳಿ ತೂತಿನ ಟೈಲ್‌ಗಳಿಂದ ರ‍್ಯಾಕ್ ಮುಂದೆ ಏಳುತ್ತದೆ. ಅಂದರೆ ನೆಲದ ಕೆಳಗೆ ಎದ್ದ ಧೂಳಿಗೆ ಫಿಲ್ಟರೇ ಅಡ್ಡ ಬರಲ್ಲ, ನೇರ ನೆಟ್‌ವರ್ಕ್ ಸ್ವಿಚ್‌ಗಳ ಹೊಟ್ಟೆಗೆ. ಜೊತೆಗೆ ಫೈಬರ್ ಬೆರಳಿಗಿಂತ ಸಣ್ಣದು, ತೂತು ಮುಷ್ಟಿಯಷ್ಟು. ಬೆಂಕಿ ಆರಿಸುವ ಆ ಗ್ಯಾಸ್, ಎಫ್‌ಎಂ-200, ಗಾಳಿಗಿಂತ ಭಾರ. ಸೋರುವುದು ಹೀಗೆ ಕೆಳಗಿರುವ ತೂತಿನಿಂದಲೇ ಜಾಸ್ತಿ. ಹ್ಯಾಂಡೋವರ್ ದಿನ ಕನ್ಸಲ್ಟೆಂಟ್ ಸುಮ್ನೆ ಒಂದು ಟೈಲ್ ಎತ್ತಿದರು, ಅಷ್ಟೇ. ಟೆಸ್ಟ್ ಮತ್ತೆ ಮಾಡಿಸಿದರು, ಫೇಲ್. ಕ್ಲೀನಿಂಗ್, ಸೀಲಿಂಗ್, ಟೆಸ್ಟ್ ಎಲ್ಲ ನಮ್ಮ ಖರ್ಚಲ್ಲಿ ಎರಡನೇ ಸಲ. ಗಣಪತಿ ಬಂದು ಹೋದರೂ ಬಿಲ್ ಪಾಸಾಗಲಿಲ್ಲ.

ಹಾಗಾಗಿ ಏಜೆನ್ಸಿಯ ಕೊಟೇಶನ್ ಪಕ್ಕಕ್ಕಿಡಿ. ಆ ರೂಮಿಗೆ ಇನ್ನೂ ಯಾರ‍್ಯಾರು ಬರಬೇಕು, ನಿಮಗೆ ಸಂಬಂಧ ಇಲ್ಲದವರನ್ನೂ ಸೇರಿಸಿ ಬರೆಯಿರಿ. ಸಿಸಿಟಿವಿ, ಆಕ್ಸೆಸ್ ಕಂಟ್ರೋಲ್, ಟೆಲಿಕಾಂ, ಲಿಫ್ಟ್‌ನ ಇಂಟರ್‌ಕಾಂ ಎಳೆಯುವವನೂ ಬರ‍್ತಾನೆ, ನೋಡ್ತಿರಿ. ಎಲ್ಲರ ಕೇಬಲ್ ಒಳಗೆ ಬಂದ ಮೇಲೆ ತೂತು ಮುಚ್ಚಿಸಿ. ಅಂಗಡಿಯ ಸಾದಾ ಪಿಯು ಫೋಮ್ ಬೇಡ, ಅದು ಉರಿಯುತ್ತದೆ. ಫೈರ್ ಸೀಲೆಂಟೇ ಇರಲಿ. ಆಮೇಲೆ ಕ್ಲೀನಿಂಗ್, ಅದರ ಮೇಲೆ ಟೆಸ್ಟ್, ಅದರ ಮೇಲೆ ಬೀಗ. ಕೀ ಒಂದೇ, ರಿಜಿಸ್ಟರ್‌ನಲ್ಲಿ ಸಹಿ ಇಲ್ಲದೆ ಯಾರಿಗೂ ಇಲ್ಲ. ಊರಿನವರಿಗೂ ಇಲ್ಲ.

ಇನ್ನು ಹೌಸ್‌ಕೀಪಿಂಗ್‌ನವರು ಪೊರಕೆ, ಒದ್ದೆ ಮಾಪ್ ಹಿಡಿದು ಒಳಗೆ ಬರುವುದೇ ಬೇಡ. ಸ್ವಿಚ್ ಬಂದ ರಟ್ಟಿನ ಡಬ್ಬಗಳನ್ನು ಕಾರಿಡಾರ್‌ನಲ್ಲೇ ಒಡೆಯಿರಿ, ಅದರ ನಾರು ಒಳಗೆಲ್ಲ ಹಾರುತ್ತದೆ. ಆ ಡಬ್ಬಗಳನ್ನು ಎತ್ತಲು ಹೌಸ್‌ಕೀಪಿಂಗ್‌ನವರನ್ನು ಕರೆಯಿರಿ. ಏಜೆನ್ಸಿಗೆ ಮಾತ್ರ ಕೊನೆಯ ಕೇಬಲ್ ಬರುವ ತನಕ ತಾರೀಖೇ ಕೊಡಬೇಡಿ.