ಹೋಟೆಲ್ ಸಿಬ್ಬಂದಿಗೆ ಮಾನವ ಕಳ್ಳಸಾಗಣೆ ಗುರುತಿಸುವ ತರಬೇತಿ: ಒಂದು ವಿಡಿಯೊ ತೋರಿಸಿ ಸಹಿ ಹಾಕಿಸಿಕೊಂಡರೆ ಸಾಕಾ?

ನಿಮ್ಮ ಪ್ರಶ್ನೆ ಓದಿದೆ. 60 ರೂಮುಗಳ ಹೋಟೆಲ್ ನೋಡಿಕೊಳ್ಳುತ್ತಿದ್ದೀರಿ. ಸಿಬ್ಬಂದಿಗೆ ಮಾನವ ಕಳ್ಳಸಾಗಣೆ ಬಗ್ಗೆ ತರಬೇತಿ ಕೊಡಿ ಅಂತ ಮಾಲೀಕರು ಹೇಳಿದ್ದಾರೆ. ಹುಡುಗರು ಮಾತ್ರ "ನಾವೇನು ಪೊಲೀಸರಾ?" ಅಂತ ಗೊಣಗುತ್ತಿದ್ದಾರೆ. ವಿಡಿಯೊ ತೋರಿಸಿ ಸಹಿ ಹಾಕಿಸಿಕೊಂಡರೆ ಮುಗಿಯುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ಮುಗಿಯಲ್ಲ. ಯಾಕೆ ಅಂತ ನನಗೇ ಆದ ಅನುಭವದಿಂದ ಹೇಳುತ್ತೇನೆ. ನಾನು 14 ವರ್ಷ ಹೋಟೆಲ್ ಕೆಲಸದಲ್ಲಿದ್ದೆ, ಮೊದಲು ರಿಸೆಪ್ಷನ್, ಆಮೇಲೆ ಡ್ಯೂಟಿ ಮ್ಯಾನೇಜರ್. ಒಂದು ಸಲ ಒಬ್ಬ ಗಂಡಸು, ಜೊತೆಗೆ ಒಬ್ಬಳು ಹುಡುಗಿ ಬಂದು ರೂಮ್ ತಗೊಂಡರು. ಆತ ದಿನಾ ಬೆಳಗ್ಗೆ ಬಂದು ಇನ್ನೊಂದು ದಿನ ಅಂತ ನಗದು ಕೊಟ್ಟು ಹೋಗುತ್ತಿದ್ದ. ಅದು ನನಗೆ ಗೊತ್ತಿತ್ತು. ಹುಡುಗಿ ಮೂರು ದಿನದಿಂದ ಒಂದೇ ಬಟ್ಟೆಯಲ್ಲಿದ್ದಳು, ಒಳಗೆ ಕ್ಲೀನಿಂಗ್‌ಗೆ ಬಿಡುತ್ತಿರಲಿಲ್ಲ, ಆದರೆ ಟವೆಲ್ ಮಾತ್ರ ದಿನಕ್ಕೆ ಎಂಟು ಹತ್ತು ಕೇಳುತ್ತಿದ್ದರು. ಅದು ಹೌಸ್‌ಕೀಪಿಂಗ್‌ನವರಿಗೆ ಗೊತ್ತಿತ್ತು. ರಾತ್ರಿ ಹೊತ್ತು ಬೇರೆ ಬೇರೆ ಗಂಡಸರು ಅರ್ಧ ಅರ್ಧ ಗಂಟೆಗೆ ಬಂದು ಹೋಗುತ್ತಿದ್ದರು. ಅದು ಸೆಕ್ಯುರಿಟಿಯವನಿಗೆ ಗೊತ್ತಿತ್ತು. ಮೂರು ತುಂಡು, ಮೂರು ತಲೆಯಲ್ಲಿ. ಹೌಸ್‌ಕೀಪಿಂಗ್‌ನ ಅಕ್ಕ ಎರಡನೇ ದಿನವೇ ಸೂಪರ್‌ವೈಸರ್‌ಗೆ ಹೇಳಿದ್ದರು. "ಗೆಸ್ಟ್ ವಿಷಯ ನಮಗ್ಯಾಕೆ, ನೀನು ನಿನ್ನ ಕೆಲಸ ನೋಡು" ಅಂದರಂತೆ. ನನಗೆ ವಿಷಯ ತಿಳಿಯುವಷ್ಟರಲ್ಲಿ ಅವರು ರೂಮ್ ಖಾಲಿ ಮಾಡಿ ಹೋಗಿ ಒಂದು ದಿನ ಆಗಿತ್ತು. ಆ ಹುಡುಗಿ ಯಾರು, ಮುಂದೆ ಏನಾದಳು, ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ತರಬೇತಿಯಲ್ಲಿ ಲಕ್ಷಣಗಳ ಪಟ್ಟಿ ಅರ್ಧ ಕೆಲಸ ಅಷ್ಟೇ. ಮೂರು ಜನ ನೋಡಿದ್ದು ಒಂದು ಕಡೆ ಬಂದು ಸೇರಬೇಕು, ಹೇಳಿದವರನ್ನು ಯಾರೂ ಬೈಯಬಾರದು. ಅದಿಲ್ಲದಿದ್ದರೆ ಎಷ್ಟು ಒಳ್ಳೆ ವಿಡಿಯೊ ತೋರಿಸಿದರೂ ಸುಮ್ನೆ.

ಮೊದಲು ಪದದಿಂದ ಶುರು ಮಾಡಿ. 'ಕಳ್ಳಸಾಗಣೆ' ಅಂದ ತಕ್ಷಣ ನಮ್ಮ ಜನಕ್ಕೆ ಲಾರಿ, ಗಡಿ, ರಾತ್ರೋರಾತ್ರಿ ಸಾಗಿಸೋದು ನೆನಪಾಗುತ್ತೆ. ಆ ಪದವೇ ದಾರಿ ತಪ್ಪಿಸುತ್ತೆ. ವಿಶ್ವಸಂಸ್ಥೆ 2000ದಲ್ಲಿ ಒಪ್ಪಿದ ಪಲೆರ್ಮೊ ಪ್ರೋಟೊಕಾಲ್‌ನಲ್ಲಿ, ಅಂದರೆ ಮಾನವ ಕಳ್ಳಸಾಗಣೆ ತಡೆಯೋ ಅಂತರರಾಷ್ಟ್ರೀಯ ಒಪ್ಪಂದದಲ್ಲಿ, ಇದಕ್ಕೆ ಮೂರು ಭಾಗ ಇದೆ. ಒಬ್ಬರನ್ನು ಕರೆತರೋದು, ಸಾಗಿಸೋದು, ಇಟ್ಟುಕೊಳ್ಳೋದು ಅಥವಾ ಬರಮಾಡಿಕೊಳ್ಳೋದು. ಅದಕ್ಕೆ ಬಲವಂತ, ಮೋಸ, ಅಥವಾ ಅವರ ಅಸಹಾಯಕತೆಯ ದುರುಪಯೋಗ. ಕೊನೆಗೆ ಉದ್ದೇಶ, ಅಂದರೆ ಶೋಷಣೆ. 'ಇಟ್ಟುಕೊಳ್ಳೋದು' ಅನ್ನೋದನ್ನ ಗಮನಿಸಿ. ಅದು ನಡೆಯೋದು ನಮ್ಮ ರೂಮಿನಲ್ಲೇ. ಇನ್ನೊಂದು ವಿಷಯ: 18 ವರ್ಷದ ಒಳಗಿನವರಾದರೆ ಬಲವಂತ ಅಥವಾ ಮೋಸ ಆಗಿತ್ತಾ ಅನ್ನೋ ಪ್ರಶ್ನೆಯೇ ಬರಲ್ಲ. "ಅವಳೇ ಒಪ್ಪಿ ಬಂದಿದ್ದಾಳೆ" ಅನ್ನೋ ಮಾತು ಅಲ್ಲಿ ನಡೆಯಲ್ಲ. ಇದನ್ನ ತರಬೇತಿಯಲ್ಲಿ ಎರಡು ಸಲ ಹೇಳಿ.

ಲಕ್ಷಣಗಳನ್ನು ಕೆಲಸದ ಪ್ರಕಾರ ಹಂಚಿ. ಎಲ್ಲರಿಗೂ ಎಲ್ಲ ಹೇಳಿದರೆ ಯಾರ ತಲೆಯಲ್ಲೂ ನಿಲ್ಲಲ್ಲ. ರಿಸೆಪ್ಷನ್‌ನವರು ನೋಡಬೇಕಾದ್ದು: ಎಲ್ಲರ ಗುರುತಿನ ಚೀಟಿ ಒಬ್ಬನ ಕೈಯಲ್ಲೇ ಇದೆಯಾ, ಅವಳನ್ನು ಕೇಳಿದ ಪ್ರಶ್ನೆಗೆ ಅವನೇ ಉತ್ತರ ಕೊಡುತ್ತಾನಾ, ತಾನು ಯಾವ ಊರಿನಲ್ಲಿದ್ದೇನೆ ಅಂತಾನೇ ಅವಳಿಗೆ ಗೊತ್ತಿಲ್ಲವಾ. ಹೌಸ್‌ಕೀಪಿಂಗ್‌ಗೆ: ದಿನಗಟ್ಟಲೆ 'ಡಿಸ್ಟರ್ಬ್ ಮಾಡಬೇಡಿ' ಬೋರ್ಡ್, ಬಾಗಿಲಲ್ಲೇ ಟವೆಲ್ ಮತ್ತು ಬೆಡ್‌ಶೀಟ್ ಇಸ್ಕೊಳ್ಳೋದು, ಲಗೇಜು ಇಲ್ಲದಿದ್ದರೂ ಹತ್ತಾರು ಮೊಬೈಲು. ಸೆಕ್ಯುರಿಟಿಗೆ: ಒಂದೇ ರೂಮಿಗೆ ಬಂದು ಹೋಗುವವರ ಸಾಲು, ಹೊರಗೆ ಕಾರಿನಲ್ಲಿ ಕಾಯುತ್ತಾ ಕೂತವನು. ಬಾರ್ ಮತ್ತು ರೂಮ್ ಸರ್ವಿಸ್‌ನವರ ಕಿವಿಗೆ ಬೀಳುವ ಮಾತುಗಳೂ ಕಡಿಮೆಯಲ್ಲ, ಅವರನ್ನು ಮರೆಯಬೇಡಿ.

ಆದರೆ ಒಂದು ಲಕ್ಷಣ ಅಂದರೆ ಏನೂ ಅಲ್ಲ. ನಗದು ಕೊಡುವವರು ಲಕ್ಷ ಜನ ಇದ್ದಾರೆ. ಇಡೀ ದಿನ ಬಾಗಿಲು ಹಾಕಿಕೊಂಡು ಮಲಗುವವರೂ ಇದ್ದಾರೆ. ಅಪ್ಪ ಮಗಳ ಬಣ್ಣ ಬೇರೆ ಅನ್ನೋದು, ವಯಸ್ಸಿನ ಅಂತರ ಜಾಸ್ತಿ ಅನ್ನೋದು, ಹಾಕಿದ ಬಟ್ಟೆ, ಆಡುವ ಭಾಷೆ, ಇವು ಲಕ್ಷಣಗಳೇ ಅಲ್ಲ. ಹೀಗೆ ನೋಡಲು ಶುರು ಮಾಡಿದರೆ ಅಮಾಯಕ ಕುಟುಂಬಗಳಿಗೆ ಅವಮಾನ ಆಗುತ್ತೆ, ನಿಜವಾದ ಅಪರಾಧಿ ಕೋಟು ಹಾಕಿಕೊಂಡು ನಿಮ್ಮ ಮುಂದೇನೇ ಹಾದು ಹೋಗುತ್ತಾನೆ. ಜನರನ್ನಲ್ಲ, ನಡವಳಿಕೆಯನ್ನು ನೋಡಿ ಅಂತ ಕಲಿಸಿ.

ಈಗ "ನಾವೇನು ಪೊಲೀಸರಾ?" ಅನ್ನೋದಕ್ಕೆ. ಅವರು ಕೇಳಿದ್ದು ಸರಿಯಾಗಿಯೇ ಇದೆ! ಅಲ್ಲ ಅಂತಲೇ ಉತ್ತರ ಕೊಡಿ. ಬಾಗಿಲು ಬಡಿದು ವಿಚಾರಿಸೋದು, ಆ ಗಂಡಸಿನ ಮುಖಕ್ಕೆ ಪ್ರಶ್ನೆ ಎಸೆಯೋದು, ಹುಡುಗಿಯನ್ನು ಪಕ್ಕಕ್ಕೆ ಕರೆದು "ನಾನು ಬಿಡಿಸ್ತೀನಿ" ಅಂತ ಮಾತು ಕೊಡೋದು, ಫೋಟೊ ತೆಗೆದು ಸಿಬ್ಬಂದಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕೋದು, ಇದ್ಯಾವುದೂ ಬೇಡ. ಅವನಿಗೆ ಸುಳಿವು ಸಿಕ್ಕರೆ ಹತ್ತು ನಿಮಿಷದಲ್ಲಿ ರೂಮ್ ಖಾಲಿ. ಏಟು ತಿನ್ನೋದು ಅವಳು. ಸಿಬ್ಬಂದಿ ಮಾಡಬೇಕಾದ್ದು ಇಷ್ಟೇ: ಕಂಡಿದ್ದನ್ನು ಕಂಡ ಹಾಗೆ ಹೇಳೋದು. ರೂಮ್ ನಂಬರು, ಹೊತ್ತು, ಏನು ನೋಡಿದೆ, ಏನು ಕೇಳಿದೆ, ಗಾಡಿ ನಂಬರು ಸಿಕ್ಕರೆ ಅದು. "ನನಗೆ ಅನುಮಾನ" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. "ರಾತ್ರಿ 11ರಿಂದ 2ರ ಒಳಗೆ ಆರು ಜನ ಬಂದು ಹೋದರು" ಅಂತ ಬರೆದರೆ ಇದೆ.

ಇದೆಲ್ಲ ಸೇರೋದಕ್ಕೆ ಒಬ್ಬರು ಬೇಕು. ಪ್ರತಿ ಶಿಫ್ಟಿಗೂ ಒಂದು ಹೆಸರು, ಸಾಮಾನ್ಯವಾಗಿ ಡ್ಯೂಟಿ ಮ್ಯಾನೇಜರ್. ಕೌಂಟರ್ ಮೇಲೆ ಬಿದ್ದಿರುವ ಲಾಗ್‌ಬುಕ್ ಬೇಡ, ಬೇರೆ ಪುಸ್ತಕ ಇಡಿ. ಪೊಲೀಸರಿಗೋ ಸಹಾಯವಾಣಿಗೋ ಫೋನ್ ಮಾಡೋದು ಆ ವ್ಯಕ್ತಿಯ ಕೆಲಸ. ಯಾರಿಗಾದರೂ ಆಗಲೇ ಅಪಾಯ ಇದ್ದರೆ, ಅಥವಾ ಮ್ಯಾನೇಜರ್ ಸಿಗದಿದ್ದರೆ, ಯಾರು ಬೇಕಾದರೂ ನೇರವಾಗಿ ತುರ್ತು ನಂಬರಿಗೆ ಫೋನ್ ಮಾಡಬಹುದು ಅಂತ ಲಿಖಿತವಾಗಿ ಕೊಡಿ. ಮಗು ಅನ್ನೋ ಅನುಮಾನ ಬಂದರೂ ಕಾಯೋದು ಬೇಡ. ಕೊನೆಗೆ ಏನೂ ಇರಲಿಲ್ಲ ಅಂತ ಆದರೆ? ಆಗಲಿ. ಪ್ರಾಮಾಣಿಕವಾಗಿ ಹೇಳಿದವರ ಕೆಲಸಕ್ಕೆ ಕುತ್ತು ಬರಲ್ಲ ಅಂತ ಮಾಲೀಕರ ಬಾಯಿಂದಲೇ ಹೇಳಿಸಿ. ಹೌಸ್‌ಕೀಪಿಂಗ್‌ನವರು ಎಲ್ಲರಿಗಿಂತ ಜಾಸ್ತಿ ನೋಡುತ್ತಾರೆ, ಅವರ ಮಾತಿಗೆ ಎಲ್ಲರಿಗಿಂತ ಕಡಿಮೆ ಬೆಲೆ. ಅದು ಬದಲಾಗದೆ ಬೇರೇನೂ ಬದಲಾಗಲ್ಲ. ಹಾಂ, ಸಿಸಿಟಿವಿ ದೃಶ್ಯ ಎಷ್ಟು ದಿನಕ್ಕೆ ಅಳಿಸಿ ಹೋಗುತ್ತೆ ಅಂತ ಇವತ್ತೇ ನೋಡಿಕೊಳ್ಳಿ. ದೂರು ಕೊಟ್ಟ ದಿನವೇ ಅದನ್ನು ತೆಗೆದಿಡಬೇಕು.

ಎಷ್ಟು ಹೊತ್ತಿನ ತರಬೇತಿ ಅಂತಲೂ ಕೇಳಿದ್ದೀರಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2018ರಲ್ಲಿ ಕಾನೂನು ಮಾಡಿ ಹೋಟೆಲ್ ಸಿಬ್ಬಂದಿಗೆ ಕನಿಷ್ಠ 20 ನಿಮಿಷ ಅಂತ ಇಟ್ಟಿತು. ಸಹಿ ತಗೊಳ್ಳೋದಕ್ಕೆ ಅಷ್ಟು ಸಾಕು, ಕಲಿಯೋದಕ್ಕೆ ಸಾಲದು. ನಾನು ಮಾಡುತ್ತಿದ್ದದ್ದು ಹೀಗೆ: ಕೆಲಸಕ್ಕೆ ಸೇರಿದ ದಿನವೇ ಒಂದು ಗಂಟೆ, ಆಮೇಲೆ ತಿಂಗಳಿಗೊಮ್ಮೆ ಶಿಫ್ಟ್ ಶುರುವಿಗೆ ಹತ್ತು ನಿಮಿಷ. ನಮ್ಮ ಕೆಲಸದಲ್ಲಿ ಜನ ಬಂದು ಹೋಗುತ್ತಲೇ ಇರುತ್ತಾರೆ. ವರ್ಷಕ್ಕೊಮ್ಮೆ ಕಲಿಸಿದರೆ ಕಲಿತವರಲ್ಲಿ ಅರ್ಧ ಜನ ಅಷ್ಟೊತ್ತಿಗೆ ಇರಲ್ಲ. ಓದಲು ಬಾರದವರಿಗೆ ಸ್ಲೈಡ್ ತೋರಿಸಬೇಡಿ, ಅವರ ಭಾಷೆಯಲ್ಲಿ ಮಾತಾಡಿ, ಇಬ್ಬರನ್ನು ನಿಲ್ಲಿಸಿ ನಾಟಕ ಮಾಡಿಸಿ. ಗುತ್ತಿಗೆಯ ಸೆಕ್ಯುರಿಟಿ, ಲಾಂಡ್ರಿ, ಡ್ರೈವರ್‌ಗಳನ್ನೂ ಕೂರಿಸಿಕೊಳ್ಳಿ.

ಆ ಗುತ್ತಿಗೆಯವರ ಬಗ್ಗೆಯೇ ಇನ್ನೊಂದು ಮಾತು. ಒಂದು ತರಬೇತಿ ಮುಗಿದ ಮೇಲೆ ಕ್ಲೀನಿಂಗ್ ಏಜೆನ್ಸಿ ಕಡೆಯ ಹುಡುಗ ಒಬ್ಬ ಹಿಂದೆ ಉಳಿದುಕೊಂಡ. "ಸಾರ್, ನನ್ನ ಪಾಸ್‌ಪೋರ್ಟ್ ಏಜೆಂಟ್ ಹತ್ತಿರ ಇದೆ, ಸಾಲ ತೀರೋವರೆಗೂ ಕೊಡಲ್ಲ ಅಂದಿದ್ದಾನೆ. ಇದೂ ಅದೇನಾ?" ನಾನು ಒಂದು ಗಂಟೆ ಗೆಸ್ಟ್‌ಗಳ ಬಗ್ಗೆ ಭಾಷಣ ಮಾಡಿದ್ದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಗೆ 11 ಸೂಚಕಗಳನ್ನು ಕೊಟ್ಟಿದೆ. ಗುರುತಿನ ದಾಖಲೆ ಕಿತ್ತಿಟ್ಟುಕೊಳ್ಳೋದು, ಸಾಲದಲ್ಲಿ ಕಟ್ಟಿಹಾಕೋದು, ಸಂಬಳ ತಡೆಹಿಡಿಯೋದು ಮೂರೂ ಅದರಲ್ಲಿವೆ. ಅದೇ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದರು. ಅದರಲ್ಲಿ ಲೈಂಗಿಕ ಶೋಷಣೆಗೆ ಸಿಕ್ಕವರು 63 ಲಕ್ಷ. 1 ಕೋಟಿ 73 ಲಕ್ಷ ಜನ ಹೊಲ, ಕಾರ್ಖಾನೆ, ಮನೆಗೆಲಸ, ಹೋಟೆಲ್‌ಗಳಂಥ ಬೇರೆ ಖಾಸಗಿ ಕೆಲಸಗಳಲ್ಲಿದ್ದರು. ಗೆಸ್ಟ್‌ಗಳ ಮೇಲೆ ಕಣ್ಣಿಡೋ ಮೊದಲು ನಿಮ್ಮ ಗುತ್ತಿಗೆದಾರರನ್ನು ಕೇಳಿ: ಕೆಲಸಗಾರರ ದಾಖಲೆ ಯಾರ ಹತ್ತಿರ ಇದೆ, ಸೇರುವಾಗ ಎಷ್ಟು ದುಡ್ಡು ಕಿತ್ತಿದ್ದಾರೆ, ಸಂಬಳ ಯಾರ ಕೈಗೆ ಹೋಗುತ್ತೆ. ಗುತ್ತಿಗೆದಾರರನ್ನಷ್ಟೇ ಅಲ್ಲ, ಕೆಲಸಗಾರರನ್ನೂ ಒಬ್ಬೊಬ್ಬರನ್ನೇ ಕರೆದು ಕೇಳಿ.

ತರಬೇತಿ ತಲೆಗೆ ಹೋಗಿದೆಯಾ ಅಂತ ನೋಡೋದಕ್ಕೆ ಪರೀಕ್ಷೆ ಪತ್ರಿಕೆ ಬೇಡ. ಒಂದು ರಾತ್ರಿ 2 ಗಂಟೆಗೆ ಇಳಿದು ಹೋಗಿ, ಡ್ಯೂಟಿಯಲ್ಲಿರೋ ಅತಿ ಹೊಸಬರನ್ನು ಕೇಳಿ: "ಈಗ ಮೂರನೇ ಮಹಡಿಯಲ್ಲಿ ಏನೋ ಸರಿ ಇಲ್ಲ ಅನಿಸಿದರೆ ಯಾರಿಗೆ ಹೇಳ್ತೀಯಾ?" ತಡವರಿಸದೆ ಒಂದು ಹೆಸರೋ ನಂಬರೋ ಬಂದರೆ ಸರಿ. "ಬೆಳಗ್ಗೆ ಸೂಪರ್‌ವೈಸರ್ ಬಂದ ಮೇಲೆ ಕೇಳ್ತೀನಿ ಸಾರ್" ಅಂದರೆ ಮತ್ತೆ ಮೊದಲಿಂದ.