ಆಪ್ತಸಲಹೆ ಪ್ರಕರಣ: ‘ಲೈಟ್ ಸ್ಟ್ರಿಂಗ್’ ಬಳಿ ನಿಂತುಹೋದ ಹುಡುಗ

ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಹುಡುಗನನ್ನೂ ಅವನ ತಂದೆಯನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ಮಂಜುನಾಥ ಅಂತ ಕರೆಯೋಣ. 17 ವರ್ಷ, ದ್ವಿತೀಯ ಪಿಯು. ಹಾವೇರಿ ಕಡೆಯ ಹಳ್ಳಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗ. ಈಗ ಹಾಸ್ಟೆಲ್‌ನಲ್ಲಿದ್ದಾನೆ. ಪಿಯು ಪಾಠದ ಜೊತೆಗೆ ಜೆಇಇ ಕೋಚಿಂಗ್ ಕೊಡುವ ಕಾಲೇಜು. ಗುರಿ ಜೆಇಇ ಅಡ್ವಾನ್ಸ್ಡ್, ಅಂದರೆ ಐಐಟಿ ಸೇರೋಕೆ ಬರೆಯುವ ಪರೀಕ್ಷೆ.

ಕರೆದುಕೊಂಡು ಬಂದವರು ತಂದೆ, ಮೆಕ್ಕೆಜೋಳ ಬೆಳೆಯುವ ರೈತರು. “ಗಣಿತದಾಗ ಭಾಳ ಛಲೋ ಅದಾನ್ರಿ ಮೇಡಂ. ಈ ಫಿಸಿಕ್ಸ್ ಒಂದ ತಲಿಗೆ ಹತ್ತವಲ್ದು” ಅಂದರು. ಭಾನುವಾರದ ಟೆಸ್ಟ್‌ನಲ್ಲಿ ಫಿಸಿಕ್ಸ್‌ಗೆ 120ಕ್ಕೆ 11 ಬಂದಿತ್ತು. ಶನಿವಾರ ರಾತ್ರಿಯಿಂದಲೇ ಊಟ ಸೇರುವುದಿಲ್ಲ. ಬೆಳಿಗ್ಗೆ ವಾಂತಿ. ಡಾಕ್ಟರು ನೋಡಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದಿದ್ದರು.

ತಂದೆಯನ್ನು ಹೊರಗೆ ಕೂರಿಸಿ ಹುಡುಗನ ಜೊತೆ ಮಾತಾಡಿದೆ. ಹತ್ತು ನಿಮಿಷ ಅವನು ನೆಲ ನೋಡುತ್ತಲೇ ಇದ್ದ. ಆಮೇಲೆ ಒಂದೇ ಮಾತು: “ನಂಗ ತಲಿ ಇಲ್ರಿ ಮೇಡಂ.” ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ ಅಂತ ನೇರವಾಗಿಯೇ ಕೇಳಿದೆ. ಇದನ್ನು ಸುತ್ತಿಬಳಸಿ ಕೇಳಬಾರದು. ಕೇಳಿದರೆ ಮಕ್ಕಳಿಗೆ ಆ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು. ಅವನಿಗೆ ಅಂಥದ್ದೇನೂ ಇರಲಿಲ್ಲ, ಊರಿಗೆ ಹೋಗಬೇಕು ಅನಿಸುತ್ತಿತ್ತು ಅಷ್ಟೆ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

ಆಪ್ತಸಲಹೆಗೆ ಬರುವ ಮೊದಲು ನಾನು ಕೆಲವು ವರ್ಷ ಪಿಯು ಫಿಸಿಕ್ಸ್ ಪಾಠ ಮಾಡಿದವಳು. ಅದಕ್ಕೇ ಎರಡನೇ ಭೇಟಿಯಲ್ಲಿ ಅವನ ಟೆಸ್ಟ್ ಪೇಪರನ್ನೇ ಮೇಜಿನ ಮೇಲೆ ಹರಡಿಕೊಂಡೆವು. ತೀರಾ ಸುಲಭದ ಲೆಕ್ಕವೊಂದನ್ನು ಆರಿಸಿದೆ. ರಾಟೆಯ ಮೇಲೆ ಒಂದು ಹಗ್ಗ, ಒಂದು ತುದಿಗೆ 2 ಕೆಜಿ, ಇನ್ನೊಂದಕ್ಕೆ 3 ಕೆಜಿ. ಹಗ್ಗದ ಎಳೆತ ಎಷ್ಟು? ಪ್ರಶ್ನೆಯಲ್ಲಿ ‘ಲೈಟ್ ಸ್ಟ್ರಿಂಗ್’ ಅಂತಿತ್ತು.

“ಲೈಟ್ ಅಂದ್ರೇನು?” ಅಂತ ಕೇಳಿದೆ.

“ಬೆಳಕು ರೀ.”

“ಮತ್ತೆ ಲೈಟ್ ಸ್ಟ್ರಿಂಗ್ ಅಂದ್ರೆ?”

ಅವನು ಸುಮ್ಮನಾದ. ಒಂದೂವರೆ ವರ್ಷದಿಂದ ಆ ಪದದ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿಬಿಟ್ಟಿದ್ದ. ಹಗುರ, ಅಂದರೆ ಹಗ್ಗದ ತೂಕ ಲೆಕ್ಕಕ್ಕಿಲ್ಲ ಅನ್ನೋದು ಯಾರೂ ಹೇಳಿಲ್ಲವೋ, ಹೇಳಿದ ದಿನ ಕೇಳಿಸಲಿಲ್ಲವೋ. ನೂರು ಮಂದಿಯ ಕ್ಲಾಸಿನಲ್ಲಿ ಎದ್ದು ನಿಂತು ಕೇಳೋಕೆ ನಾಚಿಕೆ. ‘ಸ್ಮೂತ್’ ಅಂದರೆ ಘರ್ಷಣೆ ಇಲ್ಲ, ‘ಜಸ್ಟ್ ಸ್ಲೈಡ್ಸ್’ ಅಂದರೆ ಇನ್ನೇನು ಜಾರಬೇಕು ಅನ್ನೋ ಕ್ಷಣ. ಇಂಥ ಹದಿನೆಂಟು ಪದ ಆ ದಿನ ಸಿಕ್ಕವು.

ಎಳೆತಕ್ಕೆ ಅವನು ಬರೆದ ಉತ್ತರ 30 ನ್ಯೂಟನ್. 3 ಕೆಜಿಯನ್ನು ಗುರುತ್ವದ 10ರಿಂದ ಗುಣಿಸಿದ್ದ. ತಪ್ಪು ಅಂತ ನಾನು ಹೇಳಲಿಲ್ಲ. “ನಿಮ್ಮೂರಲ್ಲಿ ಬಾವಿ ಇದೆಯಾ? ನೀರು ಸೇದಿದ್ದೀಯಾ?” ಅಂದೆ. ಮುಖ ಮೊದಲ ಸಲ ಅರಳಿತು. ದಿನಾ ಸೇದುತ್ತಿದ್ದನಂತೆ. ತುಂಬಿದ ಕೊಡವನ್ನು ಹಿಡಿದು ನಿಂತಾಗ ಕೈಗೆ ಎಷ್ಟು ಭಾರ, ಹಗ್ಗ ಸಡಿಲ ಬಿಟ್ಟು ಕೊಡ ಸರ್ರನೆ ಇಳಿಯುವಾಗ ಎಷ್ಟು ಭಾರ? ಕಣ್ಣು ಮುಚ್ಚಿದ. ಎರಡೂ ಕೈ ಗಾಳಿಯಲ್ಲಿ ಹಗ್ಗ ಹಿಡಿದಂತೆ ಎದ್ದವು. “ಇಳಿಬಿಡೋವಾಗ ಹಗುರ ಆಗ್ತೈತ್ರಿ!” ಅಂದ. ಆಮೇಲೆ ತಾನೇ: “ಅಂದ್ರ 3 ಕೆಜಿ ಕೆಳಗ ಹೊಂಟೈತಿ, ಎಳೆತ 30 ಇರಾಕ ಆಗಂಗಿಲ್ಲ. ಕಡಿಮಿ ಇರಬೇಕು. ಆ ಕಡೆ 2 ಕೆಜಿ ಮ್ಯಾಲ ಹೊಂಟೈತಿ, ಅಲ್ಲಿ 20ಕ್ಕಿಂತ ಜಾಸ್ತಿ ಬೇಕು.” ಚಿತ್ರ ಬರೆದು, ಬಾಣ ಎಳೆದು, ಎರಡು ಸಮೀಕರಣ ಹಾಕಿ 24 ನ್ಯೂಟನ್ ತಂದ. ಒಂಬತ್ತು ನಿಮಿಷ ಹಿಡಿಯಿತು. ತಲೆ ಇಲ್ಲದ ಹುಡುಗ ಮಾಡೋ ಕೆಲಸವಾ ಇದು?

ಕಾಲೇಜಿನಲ್ಲಿ ದಿನಕ್ಕೆ ನಲವತ್ತು ಲೆಕ್ಕದ ಹಾಳೆ ಕೊಡುತ್ತಾರೆ. ಪ್ರಶ್ನೆ ಕಂಡ ಕೂಡಲೇ ಸೂತ್ರ ಹುಡುಕುವ ಚಟ ಬೆಳೆಯುವುದು ಅಲ್ಲೇ. ರಾಜ್ಯದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೆಸಿಇಟಿಗೆ ಆ ವೇಗ ಬೇಕು, ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ. ಅಡ್ವಾನ್ಸ್ಡ್ ಹಾಗಲ್ಲ. ಒಂದೇ ದಿನ ಮೂರು ಮೂರು ಗಂಟೆಯ ಎರಡು ಪತ್ರಿಕೆ. ಇತ್ತೀಚಿನ ವರ್ಷಗಳಲ್ಲಿ ಒಂದೊಂದರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರೂ ಸೇರಿ 50ರ ಆಸುಪಾಸು ಪ್ರಶ್ನೆ. ಅಂದರೆ ಪ್ರಶ್ನೆಗೆ ಮೂರೂವರೆ ನಿಮಿಷ ಸಿಗುತ್ತೆ. ಯೋಚನೆ ಮಾಡಲಿ ಅಂತಲೇ ಕೊಟ್ಟ ಸಮಯ ಅದು. ಭಾಷೆಯ ತೊಡಕು ಬೇರೆ. ಅಡ್ವಾನ್ಸ್ಡ್‌ಗೂ ಮೊದಲು ಬರೆಯಬೇಕಾದ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆ. ಅಡ್ವಾನ್ಸ್ಡ್ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಅನ್ಯಾಯ ಅಂತಲೇ ನನಗನಿಸುತ್ತೆ.

ಮಂಜುನಾಥನಿಗೆ ಹೇಳಿದ್ದು ಇಷ್ಟು. ದಿನಕ್ಕೆ ನಲವತ್ತು ಬೇಡ, ಎಂಟು ಲೆಕ್ಕ ಸಾಕು. ಆದರೆ ಪೆನ್ನು ಮುಟ್ಟುವ ಮೊದಲು ಪ್ರಶ್ನೆಯನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು. ಆಮೇಲೆ ಚಿತ್ರ, ಬಾಣ. ಉತ್ತರ ಜಾಸ್ತಿ ಇರಬೇಕೋ ಕಡಿಮೆ ಇರಬೇಕೋ ಅಂತ ಮೊದಲೇ ಊಹಿಸಬೇಕು. ಸೂತ್ರ ಕೊನೆಗೆ. ತಪ್ಪಾದ ಲೆಕ್ಕಕ್ಕೆ ಬೇರೆ ನೋಟ್‌ಬುಕ್, ಅದರಲ್ಲಿ ಸರಿ ಉತ್ತರಕ್ಕಿಂತ ‘ನಾನು ಎಲ್ಲಿ ಎಡವಿದೆ’ ಅನ್ನೋ ಒಂದು ಸಾಲು ಮುಖ್ಯ. ಅಡ್ವಾನ್ಸ್ಡ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಅಧಿಕೃತ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ವಾರಕ್ಕೊಂದು ತೆಗೆದುಕೊಂಡು, ಫಿಸಿಕ್ಸ್ ಭಾಗ ಮಾತ್ರ ಗಡಿಯಾರ ನೋಡದೆ ಬಿಡಿಸಲಿ. ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರುವ ಪ್ರಶ್ನೆಯಲ್ಲಿ ಖಚಿತವಾದದ್ದನ್ನು ಮಾತ್ರ ಗುರುತಿಸಲಿ. ಅಲ್ಲಿ ಅರ್ಧಂಬರ್ಧಕ್ಕೂ ಅಂಕ ಇದೆ, ಒಂದು ತಪ್ಪು ಸೇರಿದರೆ ಕಳೆಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಮಲಗಲೇಬೇಕು. ಶನಿವಾರ ಸಂಜೆ ಪುಸ್ತಕ ಬಂದ್, ಮೈದಾನಕ್ಕೆ ಹೋಗಬೇಕು.

ಕಾಲೇಜಿನ ಫಿಸಿಕ್ಸ್ ಮೇಷ್ಟ್ರ ಜೊತೆ ಅವನ ಒಪ್ಪಿಗೆಯಿಂದ ಮಾತಾಡಿದೆ. ಎಂಟು ಲೆಕ್ಕಕ್ಕೆ ಅವರು ಒಪ್ಪಿದರು.

ತಂದೆಯ ಜೊತೆಗಿನ ಮಾತೇ ಕಷ್ಟದ್ದು. ಸಾಲ ಮಾಡಿ ಫೀ ಕಟ್ಟಿದ್ದರು. ಅವರಿಗೆ ಉಪದೇಶ ಮಾಡೋಕೆ ನನಗೆ ಮನಸ್ಸಾಗಲಿಲ್ಲ. ದಿನಾ ರಾತ್ರಿ ಫೋನ್ ಮಾಡಿ ಮೊದಲು ಏನು ಕೇಳುತ್ತೀರಿ ಅಂದೆ. “ಮಾರ್ಕ್ಸ್ ಎಷ್ಟ್ ಬಂತು ಅಂತ ಕೇಳ್ತೀನ್ರಿ” ಅಂದರು, ಹೇಳುತ್ತಲೇ ತಲೆ ತಗ್ಗಿಸಿದರು. ಒಂದು ತಿಂಗಳು ಅದೊಂದು ಪ್ರಶ್ನೆ ಬೇಡ ಅಂತ ಕೇಳಿಕೊಂಡೆ. ಅಡ್ವಾನ್ಸ್ಡ್ ಬರೆಯೋಕೆ ಮೇನ್‌ನಲ್ಲಿ ಮೊದಲ ಎರಡೂವರೆ ಲಕ್ಷದೊಳಗೆ ಬರಬೇಕು, ಈ ಸಲ ಆಗದಿದ್ದರೆ ಮುಂದಿನ ವರ್ಷ ಇನ್ನೊಂದು ಅವಕಾಶ ಇದೆ, ಕೆಸಿಇಟಿ ಅಂತೂ ಇದ್ದೇ ಇದೆ ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಅದನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

ಈಗ ಆರನೇ ಭೇಟಿ ಮುಗಿದಿದೆ. ವಾಂತಿ ನಿಂತಿದೆ. ಶನಿವಾರ ಊಟ ಮಾಡುತ್ತಾನೆ, ಪೂರ್ತಿ ಅಲ್ಲ. ಕಳೆದ ಟೆಸ್ಟ್‌ನಲ್ಲಿ 41. ಚಕ್ರ ಉರುಳುವ ಲೆಕ್ಕಗಳು ಈಗಲೂ ಕಾಡುತ್ತವೆ. ಘರ್ಷಣೆಯ ಬಾಣ ಯಾವ ಕಡೆಗೆ ಅಂತ ಪ್ರತಿ ಸಲ ಗೊಂದಲ. ಮುಂದಿನ ಭೇಟಿಗೆ ಹಾಸ್ಟೆಲಿನಿಂದ ಸೈಕಲ್ ತರೋಕೆ ಹೇಳಿದ್ದೇನೆ.